ಎದುರು ಬಸ್ಸಿಗೆ ಎತ್ತಿದ ಕೈ

ಕಳೆದ ಮಾಘಮಾಸದ ಒಂದು ಬೆಳಗ್ಗೆ, ಪೂಜೆ ಮುಗಿಸಿ ತೀರ್ಥ ತೆಗೆದುಕೊಂಡು ಕುಳಿತಿದ್ದ ಹೊತ್ತಿಗೆ, ಜಪಾನಿನಿಂದ ದೂರವಾಣಿ ಕರೆ ಬಂದಿತು. ಮಾತನಾಡಿದವನು ಪ್ರಸನ್ನ. ನಾವು ಕ್ಯೋಟೋದಲ್ಲಿದ್ದ ವರ್ಷಗಳಲ್ಲಿ ಭಾನುವಾರ ತಪ್ಪದೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ ಬೆಂಗಳೂರಿನ ಕಂಪ್ಯೂಟರ್ ಎಂಜಿನಿಯರು. ಆಮೇಲೆ ಅಲ್ಲಿಯೇ ನೆಲೆನಿಂತವನು.

"ಸರ್, ನಮ್ಮ ಶೊಚೋ ಹೋಗ್ಬಿಟ್ರು. ನಿನ್ನೆ. ಬೆಳಗ್ಗೆ ಎದ್ದು ಬಾಗಿಲ ಹತ್ರ ಕೂತು ಶೂ ಹಾಕ್ಕೋತಾ ಇದ್ರಂತೆ, ಹಾಗೇ ಗೋಡೆಗೆ ಒರಗಿಕೊಂಡ್ರಂತೆ. ಅವರ ಮನೆಯವರು ನಿಮಗೇ ಫಸ್ಟ್ ಹೇಳು ಅಂದ್ರು." ಆಮೇಲೆ, "ಬಸ್ಸು ಲೇಟಾದ್ರೂ ಪರವಾಗಿಲ್ಲ, ಟೈಮಿಗಿಂತ ಮುಂಚೆ ಮಾತ್ರ ಹೊರಡಬಾರ್ದು ಅಂತಿದ್ರಲ್ಲ ಸರ್..." ಎಂದ.

ನಾನು ಬಚ್ಚಲಿಗೆ ಹೋಗಿ ಉಟ್ಟ ಪಂಚೆಯಲ್ಲಿಯೇ ತಲೆಯ ಮೇಲೆ ನೀರು ಸುರಿದುಕೊಂಡೆ. ಜ್ಞಾತಿಗಳ ಮರಣವಾರ್ತೆಯನ್ನು ಕೇಳಿದಾಗ ಮಾಡತಕ್ಕ ಸ್ನಾನ ಅದು. ಒದ್ದೆ ಬಟ್ಟೆಯಲ್ಲಿ ಹೊರಬಂದ ನನ್ನನ್ನು ಕಂಡು ನನ್ನ ಪತ್ನಿ ರುಕ್ಮಿಣಿ ಗಾಬರಿಗೊಂಡಳು.

"ಯಾರು ಹೋದ್ರು? ನಮಗೆ ಮೈಲಿಗೆ ಇದೆಯಾ? ಒಲೆ ಆರಿಸ್ಲಾ?"

"ನಮ್ಮವರು," ಎಂದೆ. "ಶೊಚೋ."

ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಶಾಸ್ತ್ರದಲ್ಲಿ ಇದಕ್ಕೆ ಆಧಾರವೇನು ಎಂದು ನನ್ನನ್ನು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೂ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದಳು.

ಶೊಚೋ ಎಂಬುದು ಹೆಸರಲ್ಲ, ಹುದ್ದೆ. ಬಸ್ ಕಂಪನಿಯ ಒಂದು ಡಿಪೋದ ಮುಖ್ಯಸ್ಥನನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಚಾಲಕರು ಅವರನ್ನು ಹಾಗೆ ಕರೆಯುತ್ತಿದ್ದರು, ಬೀದಿಯ ತರಕಾರಿ ಅಂಗಡಿಯವಳೂ ಹಾಗೆಯೇ ಕರೆಯುತ್ತಿದ್ದಳು, ನಾವೂ ಅದನ್ನೇ ರೂಢಿಸಿಕೊಂಡೆವು. ಮನೆಯ ಗೇಟಿನ ಮೇಲೆ ಅವರ ಹೆಸರಿತ್ತು. ನಾನು ಇಲ್ಲಿ ಅದನ್ನು ಬರೆಯುವುದಿಲ್ಲ. ಆ ಹೆಸರು ಅವರ ತಂದೆ ಕೊಟ್ಟದ್ದಲ್ಲವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಸಂಗತಿ ಮುಂದೆ ತಾನಾಗಿ ಬರುತ್ತದೆ.

ಮೈಸೂರಿನ ಪಾಠಶಾಲೆಯಲ್ಲಿ ಮೀಮಾಂಸಾ ಪಾಠ ಹೇಳಿ ನಿವೃತ್ತನಾಗಿದ್ದ ನನ್ನನ್ನು ಕ್ಯೋಟೋದ ವಿಶ್ವವಿದ್ಯಾಲಯದವರು ತಮ್ಮಲ್ಲಿದ್ದ ಹಳೆಯ ಸಂಸ್ಕೃತ ಪ್ರತಿಗಳನ್ನು ಕೂಡಿ ಓದುವುದಕ್ಕೆಂದು ಕರೆಸಿಕೊಂಡರು. ಎರಡು ಸಾವಿರದ ಇಸವಿ ಹತ್ತಿರವಾಗುತ್ತಿದ್ದ ಕಾಲ. ಸಮುದ್ರ ದಾಟುವ ವಿಷಯದಲ್ಲಿ ನನ್ನ ಮನಸ್ಸಿನಲ್ಲಿದ್ದ ಅಳುಕನ್ನು ಗುರುಗಳು ಪರಿಹರಿಸಿದರು. ನಿತ್ಯಕರ್ಮ ಬಿಡದಿದ್ದರೆ ಸಾಕೆಂದರು. ನಗರದ ಉತ್ತರದ ಅಂಚಿನಲ್ಲಿ, ರಸ್ತೆ ಬೆಟ್ಟಗಳ ನಡುವೆ ನುಗ್ಗುವ ಜಾಗದಲ್ಲಿ ಒಂದು ಮನೆಯ ಮಹಡಿಯನ್ನು ನಮಗೆ ಗೊತ್ತುಮಾಡಿದ್ದರು. ಕೆಳಗೆ ಮನೆಯ ಯಜಮಾನರು. ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಬಸ್ ನಿಲ್ದಾಣ. ಇನ್ನಷ್ಟು ಮುಂದೆ ಡಿಪೋ.

ಮೊದಲ ವಾರದಲ್ಲಿಯೇ ನಾನೊಂದು ಪ್ರಮಾದಕ್ಕೆ ಸಿಲುಕಿದೆ. ಬೆಳಗ್ಗೆ ನಿಲ್ದಾಣದಲ್ಲಿ ನಿಂತಿರುವಾಗ ಆಚೆ ಬದಿಯಲ್ಲಿ ಬೆಟ್ಟದ ಕಡೆಗೆ ಏರುವ ಬಸ್ಸೊಂದು ಬರುತ್ತಿತ್ತು. ಅದರ ಚಾಲಕ ನನ್ನ ಎದುರಿಗೆ ಬರುತ್ತಿದ್ದಂತೆಯೇ ಬಿಳಿಯ ಕೈಗವಸು ತೊಟ್ಟ ಬಲಗೈಯನ್ನು ಹಣೆಯ ಮಟ್ಟಕ್ಕೆ ಎತ್ತಿ ಇಳಿಸಿದ. ಪಂಚೆ ಉಟ್ಟು ಶಾಲು ಹೊದ್ದ ಪರದೇಶಿ ವೃದ್ಧನಿಗೆ ಎಂಥ ಮರ್ಯಾದೆ ಎಂದು ನಾನು ಪುಳಕಿತನಾಗಿ ಎರಡೂ ಕೈ ಜೋಡಿಸಿದೆ. ಮರುದಿನವೂ ಹಾಗೆಯೇ ನಡೆಯಿತು. ಬೇರೆ ಬೇರೆ ಚಾಲಕರು, ಅದೇ ಬಿಳಿಯ ಕೈ. ಜಪಾನಿನ ಜನರ ಸಂಸ್ಕಾರವನ್ನು ಕೊಂಡಾಡಿ ಮೈಸೂರಿನ ಮಿತ್ರರಿಗೆ ಪತ್ರವನ್ನೂ ಬರೆದದ್ದಾಯಿತು.

ಒಂದು ಸಂಜೆ ಕೆಳಗಿನ ಮನೆಯ ಯಜಮಾನರು ಮಹಡಿಗೆ ಬಂದರು. ಕುಳ್ಳನೆಯ ಮೈಕಟ್ಟು, ಗಿಡ್ಡಕ್ಕೆ ಕತ್ತರಿಸಿದ ನರೆತ ಕೂದಲು. ಹೊಸ್ತಿಲಲ್ಲಿಯೇ ಮಂಡಿಯೂರಿ ಕುಳಿತು, ಬಹಳ ಹೊತ್ತು ಹವೆಯ ಮಾತನಾಡಿ, ಕಡೆಗೆ ಕಷ್ಟದಿಂದ ವಿಷಯಕ್ಕೆ ಬಂದರು. ಆಗ ನನ್ನ ಜಪಾನಿ ಭಾಷೆ ಶಿಶುವಿನದು. ಪ್ರಸನ್ನ ಪಕ್ಕದಲ್ಲಿದ್ದು ತಿಳಿಸಿದ.

"ಸರ್, ಇವರು ಸಾರಿ ಕೇಳ್ತಾ ಇದಾರೆ. ಏನಂದ್ರೆ... ಡ್ರೈವರ್ಸು ಕೈ ಎತ್ತೋದು ನಿಮಗಲ್ವಂತೆ ಸರ್."

"ಮತ್ತಾರಿಗೆ?"

"ನಿಮ್ಮ ಹಿಂದಿನಿಂದ ಬರೋ ಬಸ್ಸಿಗೆ. ಒಂದೇ ಕಂಪನಿ ಡ್ರೈವರ್ಸು ಎದುರಾದ್ರೆ ಹಾಗೆ ವಿಶ್ ಮಾಡ್ಕೋತಾರಂತೆ. ನೀವು ನಮಸ್ಕಾರ ಮಾಡ್ತೀರಿ, ಅವರು ವಾಪಸ್ ಬಗ್ಗಬೇಕು ಅಂತ ಅನ್ಕೋತಾರೆ, ಬಗ್ಗಿದ್ರೆ ರೋಡು ಕಾಣಲ್ಲ. ಡಿಪೋದಲ್ಲಿ ಮೀಟಿಂಗೇ ಆಗೋಗಿದೆ ಸರ್ ನಿಮ್ಮ ಮೇಲೆ!"

ರುಕ್ಮಿಣಿ ಒಳಗಿನಿಂದ ನಕ್ಕಳು. "ಪತ್ರ ಬೇರೆ ಬರೆದಾಯ್ತು," ಎಂದಳು. ನಾನೂ ನಕ್ಕೆ. ನಾನು ನಕ್ಕದ್ದನ್ನು ಕಂಡ ಮೇಲೆಯೇ ಅವರು ಉಸಿರು ಬಿಟ್ಟದ್ದು. ನಮ್ಮ ಯಜಮಾನರು ಆ ಡಿಪೋದ ಶೊಚೋ ಎಂಬುದು ನಮಗೆ ಗೊತ್ತಾದದ್ದು ಹೀಗೆ.

ಆ ಕೈಯ ವಿಷಯವನ್ನು ಅವರು ಬಿಡಿಸಿ ಹೇಳಿದರು. ಅದಕ್ಕೆ ಬರೆದಿಟ್ಟ ನಿಯಮವೇನೂ ಇಲ್ಲ. ಬೇರೆ ಕಂಪನಿಯ ಬಸ್ಸು ಎದುರಾದರೆ ಎತ್ತುವುದಿಲ್ಲ, ತಮ್ಮದಾದರೆ ಎತ್ತುತ್ತಾರೆ. ಚಾಲಕನಾದವನು ದಿನವೆಲ್ಲ ಒಂಟಿ, ಬೆನ್ನ ಹಿಂದೆ ಐವತ್ತು ಜನ ಕುಳಿತಿದ್ದರೂ ಒಂಟಿ. ಎದುರಿನಿಂದ ಆ ಬಿಳಿಯ ಕೈ ಎದ್ದಾಗ ಮಾತ್ರ ತನ್ನದೊಂದು ಮನೆಯುಂಟೆಂದು ಅವನಿಗೆ ನೆನಪಾಗುತ್ತದೆ ಎಂದರು.

ಅವರ ದಿನಚರಿಯನ್ನು ನಾನು ಮಹಡಿಯ ಕಿಟಕಿಯಿಂದ ಬಹಳ ಕಾಲ ಕಂಡೆ, ಡಿಪೋದ ಒಳಗಿನದನ್ನು ಪ್ರಸನ್ನನ ಬಾಯಿಂದ ಕೇಳಿದೆ. ಡಿಪೋದಲ್ಲಿ ಪ್ರತಿ ಚಾಲಕನೂ ಬಸ್ಸು ಹತ್ತುವ ಮುನ್ನ ಅವರ ಎದುರಿಗೆ ನೆಟ್ಟಗೆ ನಿಂತು ಹಾಜರಿ ಹೇಳಬೇಕು. ಅವರು ಅವನ ಮುಖವನ್ನು ನೋಡುತ್ತಿದ್ದರು. ಆಮೇಲೆ ಪಾದರಕ್ಷೆಯನ್ನು ನೋಡುತ್ತಿದ್ದರು. ಮುಖದಲ್ಲಿ ನಿದ್ದೆಗೇಡು ಮುಚ್ಚಿಡಬಹುದು, ಆದರೆ ಲೇಸನ್ನು ಹೇಗೆ ಕಟ್ಟಿದ್ದಾನೆಂಬುದರಲ್ಲಿ ಹಿಂದಿನ ದಿನದ ಜಗಳವೂ ಕಾಣುತ್ತದೆಯಂತೆ. ಕಂಡರೂ ಏನೂ ಕೇಳುತ್ತಿರಲಿಲ್ಲ. "ತಿಂಡಿ ಆಯಿತೆ?" ಎಂಬುದೊಂದೇ ಪ್ರಶ್ನೆ. ಆಗಿಲ್ಲವೆಂದವನಿಗೆ ತಮ್ಮ ಡಬ್ಬಿಯ ಅನ್ನದ ಉಂಡೆಯನ್ನು ಕೊಟ್ಟು, ತಾವು ಕೊಂಬಿನಿಯ, ಎಂದರೆ ಹಗಲಿರುಳೂ ತೆರೆದಿರುವ ಅಂಗಡಿಯ, ಬ್ರೆಡ್ಡು ತಿನ್ನುತ್ತಿದ್ದರು. ಅವರ ಪತ್ನಿಗೆ ಇದು ತಿಳಿದಿತ್ತು. ಆಕೆಯನ್ನು ನಾವು ಓಕುಸಾನ್, ಎಂದರೆ ಮನೆಯೊಡತಿ ಎಂದೇ ಕರೆಯುತ್ತಿದ್ದೆವು. ಆಕೆ ಮಾತನಾಡದೆ ಡಬ್ಬಿಯಲ್ಲಿ ಯಾವಾಗಲೂ ಒಂದು ಉಂಡೆ ಹೆಚ್ಚಿಗೆ ಇಡುತ್ತಿದ್ದರು. ನಮ್ಮ ಆಹಾರನಿಯಮವನ್ನು ತಿಳಿದುಕೊಂಡು, ಮೀನಿನ ಸೋಂಕಿಲ್ಲದೆ ಕಡಲಪಾಚಿಯೊಂದರಿಂದಲೇ ಸಾರಿನ ನೀರು ಕಾಯಿಸಿ, ಅದಕ್ಕೊಂದು ಬೇರೆ ಪಾತ್ರೆಯನ್ನು ಮೀಸಲಿಟ್ಟು, ರುಕ್ಮಿಣಿಯ ಕೈಗೆ ತಂದುಕೊಟ್ಟ ಸಾಧ್ವಿ ಆಕೆ.

ನನ್ನ ಪೂಜೆಯ ಘಂಟೆ ಕೆಳಗಿನ ಮನೆಗೆ ಕೇಳಿಸುತ್ತಿತ್ತು. ತೊಂದರೆಯಾಗುತ್ತದೆಯೋ ಎಂದು ಸಂಕೋಚದಿಂದ ವಿಚಾರಿಸಿದರೆ, ಇಲ್ಲವೆಂದು ತಲೆ ಬಾಗಿಸಿದರು. ನಿಜ ಹೊರಬಿದ್ದದ್ದು ಒಂದು ದ್ವಾದಶಿಯ ದಿನ. ಪಾರಣೆಗಾಗಿ ಅಂದು ನಾನು ಎಂದಿಗಿಂತ ಬೇಗ ಪೂಜೆ ಮುಗಿಸಿ ಮಂಗಳಾರತಿ ಮಾಡಿದ್ದೆ. ಸಂಜೆ ಅವರು ಗಂಭೀರವಾಗಿ ಮಹಡಿಗೆ ಬಂದರು. ನನ್ನನ್ನು ಅವರು ಸೆನ್ಸೇ, ಎಂದರೆ ಗುರುಗಳೇ ಎಂದು ಕರೆಯುತ್ತಿದ್ದರು.

"ಸೆನ್ಸೇ, ಇಂದು ತಮ್ಮ ದೇವರು ವೇಳೆಗಿಂತ ಮುಂಚೆ ಹೊರಟುಬಿಟ್ಟರು."

ಆ ಘಂಟೆಯನ್ನು ಕೇಳಿಯೇ ಅವರು ಶೂ ಹಾಕಿಕೊಳ್ಳುತ್ತಿದ್ದರಂತೆ. ಅಂದು ಡಿಪೋ ತಲುಪಿದಾಗ ಬಾಗಿಲೇ ತೆರೆದಿರಲಿಲ್ಲ. ತಡವಾದ ಬಸ್ಸಿಗಾಗಿ ಜನ ಕಾಯಬಹುದು, ಬೈಯಬಹುದು. ವೇಳೆಗೆ ಮುಂಚೆ ಹೊರಟುಹೋದ ಬಸ್ಸಿನ ಹಿಂದೆ ಓಡಿಬಂದವನಿಗೆ ಏನು ಹೇಳುವುದು ಎಂದು ಅವರ ವಾದ. ಭಗವಂತನೂ ಈ ವಿಷಯದಲ್ಲಿ ವಿನಾಯಿತಿ ಪಡೆಯಲಾರ ಎಂಬಂತಿತ್ತು ಅವರ ಮುಖ. ಅಂದಿನಿಂದ ಏಕಾದಶಿಯ ಸಂಜೆಯೇ ನಾನು ಅವರಿಗೆ ಎಚ್ಚರಿಕೆ ಹೇಳುವ ಪದ್ಧತಿಯಾಯಿತು. ಓಕುಸಾನ್ ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತುಹಾಕಿಕೊಳ್ಳುತ್ತಿದ್ದರು. ವೈಷ್ಣವ ಸಂಪ್ರದಾಯದ ಏಕಾದಶಿಗಳು ಬೌದ್ಧರ ಗೋಡೆಯ ಮೇಲೆ ಹೀಗೆ ವರ್ಷವಿಡೀ ತೂಗಿದವು.

ಪ್ರಸನ್ನನನ್ನು ಅವನ ಕಂಪನಿಯವರು ಕಳುಹಿಸಿದ್ದು ಇದೇ ಬಸ್ ಕಂಪನಿಯ ಗಣಕಯಂತ್ರಗಳ ಕೆಲಸಕ್ಕೆ. ಇಸವಿ ಬದಲಾಗುವ ಕ್ಷಣದಲ್ಲಿ ಯಂತ್ರಗಳೆಲ್ಲ ದಿಕ್ಕು ತಪ್ಪುತ್ತವೆಂದು ಜಗತ್ತು ಹೆದರಿದ್ದ ಕಾಲವದು. ಹೊಸ ವರ್ಷದ ಬೆಳಗ್ಗೆ ಎಲ್ಲ ಬಸ್ಸುಗಳೂ ಎಂದಿನಂತೆ ಹೊರಟವು. ಪ್ರಸನ್ನ ಬಂದು, "ಏನೂ ಆಗ್ಲೇ ಇಲ್ಲ ಸರ್, ಒಂದು ಟಿಕೆಟ್ ಮಿಷನ್ ಕೂಡ ಹ್ಯಾಂಗ್ ಆಗ್ಲಿಲ್ಲ," ಎಂದು ನಿರಾಶೆಯಿಂದೆಂಬಂತೆ ಹೇಳಿದ. ಶೊಚೋ ಅವನಿಗೆ ಒಂದು ಬುಟ್ಟಿ ಕಿತ್ತಳೆ ಕೊಟ್ಟು, ಏನೂ ಆಗದಂತೆ ನೋಡಿಕೊಳ್ಳುವುದೇ ಬಸ್ಸಿನವರ ಕೆಲಸ, ಇನ್ನು ಮೇಲೆ ನೀನೂ ಬಸ್ಸಿನವನೇ ಎಂದರು.

ಆದರೆ ಆಗುವುದು ಬೇರೆ ಕಡೆಯಿಂದ ಆಯಿತು. ಆ ವರ್ಷದ ಶರತ್ಕಾಲದ ಒಂದು ಭಾನುವಾರ ಪ್ರಸನ್ನ ಊಟದೆಲೆಯ ಮುಂದೆ ಸಪ್ಪಗೆ ಕುಳಿತಿದ್ದ. ಸಾರು ಆರುತ್ತಿದೆಯಲ್ಲೋ ಎಂದು ರುಕ್ಮಿಣಿ ಗದರಿದ ಮೇಲೆ ಬಾಯಿಬಿಟ್ಟ.

"ನಂಗೆ ಹೊಸ ಪ್ರಾಜೆಕ್ಟ್ ಕೊಟ್ಟಿದಾರೆ. ಕಂಪನಿ ಡೇಟಾಬೇಸ್‌ನ ಎರಡು ಮಾಡ್ಬೇಕು. ಸಿಟಿ ಕಡೆ ರೂಟ್ಸು ದೊಡ್ಡ ಕಂಪನಿಲೇ ಇರತ್ತೆ. ಬೆಟ್ಟದ ರೂಟ್ಸು, ಈ ಡಿಪೋ, ಡ್ರೈವರ್ಸು ಎಲ್ಲಾ ಹೊಸ ಚಿಕ್ಕ ಕಂಪನಿಗೆ. ಊರುಗಳಲ್ಲಿ ಜನ ಇಲ್ಲ, ಇರೋರೆಲ್ಲಾ ಕಾರ್ ತಗೊಂಡಿದಾರೆ. ಮುಂದೆ ರೂಲ್ಸ್ ಬೇರೆ ಸಡಿಲ ಆಗತ್ತಂತೆ, ಯಾರು ಬೇಕಾದ್ರೂ ಬಸ್ ಓಡಿಸ್ಬೋದು. ಹೆಡ್ಡಾಫೀಸು ಕೈ ಎತ್ಬಿಟ್ಟಿದೆ ಸರ್."

ಕೈ ಎತ್ತಿಬಿಟ್ಟಿದೆ ಎಂಬ ಮಾತು ನನ್ನ ಕಿವಿಯಲ್ಲಿ ನಿಂತಿತು. ನಮ್ಮಲ್ಲಿ ಅದಕ್ಕೆ ತನ್ನಿಂದಾಗದೆಂದು ಬಿಟ್ಟುಬಿಡುವುದೆಂಬ ಅರ್ಥ. ರಸ್ತೆಯಲ್ಲಿ ನಾನು ದಿನವೂ ಕಾಣುವ ಕೈಗೆ ಅದಕ್ಕೆ ನೇರ ವಿರುದ್ಧವಾದ ಅರ್ಥ. ಜಪಾನಿ ಭಾಷೆಯಲ್ಲಿಯೂ ಸೋತವನು ಕೈ ಎತ್ತಿದನೆಂದೇ ಹೇಳುತ್ತಾರೆಂದು ಆಮೇಲೆ ಶೊಚೋ ಅವರಿಂದ ತಿಳಿಯಿತು.

ಅಲ್ಲಿನವರು ದೊಡ್ಡ ಕಂಪನಿಯನ್ನು ತಾಯ್ತಂದೆ ಕಂಪನಿ ಎಂತಲೂ, ಅದರಿಂದ ಬೇರೆ ಮಾಡಿದ ಚಿಕ್ಕದನ್ನು ಮಗು ಕಂಪನಿ ಎಂತಲೂ ಕರೆಯುತ್ತಾರೆ. ಚಾಲಕರು ಮೊದಲಿನದಕ್ಕೆ ರಾಜೀನಾಮೆ ಕೊಟ್ಟು ಎರಡನೆಯದರಲ್ಲಿ ಹೆಸರು ಬರೆಸಬೇಕು. ಅದೇ ಬಸ್ಸು, ಅದೇ ದಾರಿ. ಸಂಬಳ ಕಡಿಮೆ, ಹಿಂದಿನ ಸೇವೆಯ ಕೊಂಡಿ ಅಲ್ಲಿಗೆ ಕಡಿಯಿತು. ಯಾರನ್ನೂ ಬಲವಂತ ಮಾಡುವಂತಿಲ್ಲ. ಆದ್ದರಿಂದ ಒಪ್ಪಿಸುವ ಹೊಣೆ ಶೊಚೋ ಅವರದು. ಅವರು ಮಾತ್ರ ಅಧಿಕಾರಿ ವರ್ಗದವರು. ಹೊಸ ಕಂಪನಿಯಲ್ಲಿ ಎರವಲಾಗಿ ಕೆಲಸ ಮಾಡುತ್ತ, ತಾಯ್ತಂದೆ ಕಂಪನಿಯವರಾಗಿಯೇ ಉಳಿದು, ಕೆಲವೇ ವರ್ಷಗಳಲ್ಲಿ ಅಲ್ಲಿಂದಲೇ ಗೌರವದಿಂದ ನಿವೃತ್ತರಾಗಬಹುದಾಗಿತ್ತು.

ಆ ಚಳಿಗಾಲದಲ್ಲಿ ಅವರು ನನ್ನ ಘಂಟೆಗೆ ಮೊದಲೇ ಶೂ ಹಾಕಿಕೊಂಡು ಬಾಗಿಲಲ್ಲಿ ಕುಳಿತಿರುತ್ತಾರೆಂದು ಓಕುಸಾನ್ ರುಕ್ಮಿಣಿಗೆ ಸನ್ನೆಯಲ್ಲಿ ತಿಳಿಸಿದರು. ಒಂದು ಭಾನುವಾರ ನಮ್ಮಿಬ್ಬರನ್ನೂ ಪ್ರಸನ್ನನನ್ನೂ ಕೆಳಗೆ ಚಹಾಕ್ಕೆ ಕರೆದರು. ಕೆಂಡದ ಮೇಲೆ ಹೊದಿಕೆ ಹಾಸಿದಂಥ ಅವರ ಬೆಚ್ಚನೆಯ ಮೇಜಿನ ಸುತ್ತ ಕಾಲು ಚಾಚಿ ಕುಳಿತಿದ್ದೆವು. ಅವರು ಇದ್ದಕ್ಕಿದ್ದಂತೆ ಕೇಳಿದರು:

"ಸೆನ್ಸೇ, ತಮ್ಮ ದೇಶದಲ್ಲಿ ತಂದೆಯಾದವನು ಮಗುವನ್ನು ಬೇರೆಯವರಿಗೆ ಕೊಟ್ಟುಬಿಡುವುದುಂಟೆ?"

ನಾನು ದತ್ತಕವಿಧಿಯನ್ನು ಬಲ್ಲಷ್ಟು ವಿವರಿಸಿದೆ. ಕೇಳುವವನು ಬಂದು ಕೇಳಬೇಕು. ಕೊಡುವವನು ಅಗ್ನಿಸಾಕ್ಷಿಯಾಗಿ, ಮನಃಪೂರ್ವಕವಾಗಿ ಕೊಡಬೇಕು. ಮಗುವನ್ನು ತೊಡೆಯಿಂದ ತೊಡೆಗೆ ದಾಟಿಸಿದ ಮೇಲೆ ಅದರ ಗೋತ್ರ ಬದಲಾಗುತ್ತದೆ, ಹುಟ್ಟಿದ ಮನೆಯ ಸೂತಕವೂ ಅದಕ್ಕೆ ಮೊದಲಿನಂತೆ ತಗಲುವುದಿಲ್ಲ. ಪ್ರಸನ್ನ ಗೋತ್ರ ಎಂಬುದಕ್ಕೆ ಜಪಾನಿ ಮಾತು ತಿಳಿಯದೆ ತಡವರಿಸಿ, ಕಡೆಗೆ ಕುಟುಂಬದ ದಾಖಲೆ ಎಂದು ಹೇಳಿದನಂತೆ. ಚಾಲಕರ ಹೆಸರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ದಾಟಿಸುವುದಕ್ಕೂ ಅವರಲ್ಲಿ ಅದೇ ಶಬ್ದವಂತೆ.

ಶೊಚೋ ಬಟ್ಟಲನ್ನು ಎರಡೂ ಕೈಗಳಿಂದ ಕೆಳಗಿಟ್ಟರು.

"ಹಾಗಾದರೆ ನಾನು ಒಮ್ಮೆ ಗೋತ್ರ ಬದಲಾಯಿಸಿದವನು," ಎಂದರು.

ಗೇಟಿನ ಮೇಲಿದ್ದ ಹೆಸರು ಓಕುಸಾನ್ ಅವರ ತವರಿನದು. ಗಂಡುಮಕ್ಕಳಿಲ್ಲದ ಮನೆಗೆ ಅಳಿಯನಾಗಿ, ಮಗನಾಗಿ, ಅವರ ಹೆಸರನ್ನೇ ಹೊತ್ತು ಬಂದವರು ಇವರು. ಬಂದ ದಿನದ ಕಥೆಯನ್ನು ಅವರು ತಾವೇ ಹೇಳಿದರು. ಅವರ ತಂದೆ ಬೆಟ್ಟದಾಚೆಯ ಹಳ್ಳಿಯ ಬಡಗಿ. ಮಗನ ಹಾಸಿಗೆಯ ಸುರುಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಈ ಮನೆಯವರೆಗೂ ಜೊತೆಯಲ್ಲಿ ಬಂದರಂತೆ. ಹೊಸ ಬಂಧುಗಳು ಒಳಗೆ ಕರೆದರೂ ಬರದೆ, ಅಡುಗೆಮನೆಯ ಮಣ್ಣುನೆಲದಲ್ಲಿ ನಿಂತೇ ಊಟ ಮಾಡಿ, ಅಲುಗುತ್ತಿದ್ದ ಬಾಗಿಲೊಂದನ್ನು ಸರಿಪಡಿಸಿ, ಕತ್ತಲಾಗುವ ಮುನ್ನ ಹೊರಟುಹೋದರಂತೆ.

"ಆ ದಿನ ನಾನು ಒಬ್ಬನೇ ಬಂದಿದ್ದರೆ," ಎಂದು ಅವರು ನಿಧಾನವಾಗಿ ಹೇಳಿದರು, "ನನ್ನನ್ನು ಕಳುಹಿಸಿಬಿಟ್ಟರು ಎಂದೆನ್ನಿಸುತ್ತಿತ್ತು. ಅಪ್ಪ ಜೊತೆಗೆ ಬಂದರು. ಅದರಿಂದ, ಕರೆದುಕೊಂಡು ಬಂದರು ಎಂದು ಅನ್ನಿಸಿತು."

ಓಕುಸಾನ್ ಎದ್ದು ಹೋಗಿ ಆ ಬಾಗಿಲನ್ನು ಸರಿಸಿ ತೋರಿಸಿದರು. ಅದು ಸದ್ದಿಲ್ಲದೆ ಜಾರಿತು.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡವನಲ್ಲ, ಪ್ರಸನ್ನ ಅಲ್ಲಿದ್ದ. ಫೆಬ್ರವರಿಯ ಒಂದು ಮಧ್ಯಾಹ್ನ ಮುಖ್ಯ ಕಚೇರಿಯ ನಿರ್ದೇಶಕರೊಬ್ಬರು ಡಿಪೋಗೆ ಬಂದು ಚಾಲಕರನ್ನು ಸೇರಿಸಿ, ಕಂಪನಿ ಬದುಕಬೇಕಾದರೆ ಇದೇ ದಾರಿಯೆಂದು ವಿನಯದಿಂದಲೇ ಹೇಳಿದರಂತೆ. ಎದುರಿಗೆ ಒಪ್ಪಿಗೆಯ ಕಾಗದಗಳು. ಅಲ್ಲಿ ಸಹಿಯ ಬದಲು ಪ್ರತಿಯೊಬ್ಬರಿಗೂ ಹೆಸರಿನ ಮುದ್ರೆ. ಯಾರೂ ಕೈ ಚಾಚಲಿಲ್ಲ. ಎಲ್ಲರೂ ಶೊಚೋ ಕಡೆಗೆ ನೋಡಿದರು. ಅವರು ಎಂದಿನಂತೆ ಅವರ ಮುಖಗಳನ್ನು ನೋಡಿ, ಆಮೇಲೆ ಕಾಲುಗಳನ್ನು ನೋಡಿದರಂತೆ. ಎದ್ದು ಹೋಗಿ, ಮೇಜಿನ ಮೇಲಿದ್ದ ಒಂದು ಖಾಲಿ ಒಪ್ಪಿಗೆಪತ್ರದಲ್ಲಿ ತಮ್ಮ ಹೆಸರು ಬರೆದು, ಜೇಬಿನಿಂದ ಮುದ್ರೆ ತೆಗೆದು ಒತ್ತಿದರು.

"ಶೊಚೋ, ತಮ್ಮದು ಎರವಲು. ತಾವು ಒತ್ತಬೇಕಾಗಿಲ್ಲ," ಎಂದು ನಿರ್ದೇಶಕರು ಗಾಬರಿಯಿಂದ ಹೇಳಿದರು.

"ಸುಮಿಮಾಸೆನ್, ಕ್ಷಮಿಸಬೇಕು. ಒತ್ತಿಯಾಗಿದೆ," ಎಂದರಂತೆ ಇವರು.

"ಹೊಸ ಕಂಪನಿಯಲ್ಲಿ ತಮಗೆ ಈ ಹುದ್ದೆ ಸಿಗುವುದಿಲ್ಲ."

"ನನ್ನ ಬಸ್ಸಿನ ಲೈಸೆನ್ಸು ಇನ್ನೂ ಇದೆ."

ಆಗ ಹಿಂದಿನ ಸಾಲಿನಿಂದ ಅತ್ಯಂತ ಹಿರಿಯ ಚಾಲಕ, ಒಪ್ಪುವುದೇ ಇಲ್ಲವೆಂದು ಚಳಿಗಾಲವೆಲ್ಲ ಹಟಹಿಡಿದವನು, ಗೊಗ್ಗರು ದನಿಯಲ್ಲಿ ಹೇಳಿದನಂತೆ: "ಶೊಚೋ ಓಡಿಸುವ ಬಸ್ಸಿಗೆ ನಾನಂತೂ ಹತ್ತುವುದಿಲ್ಲ. ಅವರು ಚಾಲಕರಾಗಿದ್ದ ಕಾಲದಲ್ಲೇ ಬ್ರೇಕು ಹಾಕಿದರೆ ಮುದುಕಿಯರ ಮೂಲಂಗಿ ಬುಟ್ಟಿ ಉರುಳುತ್ತಿತ್ತು." ಕೋಣೆಯೆಲ್ಲ ನಕ್ಕಿತು. ನಗು ನಿಂತ ಮೇಲೆ ಆತನೇ ಎದ್ದು ಬಂದು ಎರಡನೆಯ ಮುದ್ರೆ ಒತ್ತಿದ.

"ನಾನು ಟಾಯ್ಲೆಟ್‌ಗೆ ಹೋಗಿ ಮುಖ ತೊಳ್ಕೊಂಡು ಬಂದೆ ಸರ್," ಎಂದ ಪ್ರಸನ್ನ.

ಇದನ್ನು ನಾನು ಒಂದು ವಿಜಯದ ಕಥೆಯಾಗಿ ಹೇಳಬಾರದು. ಅವರೇ ಹಾಗೆ ಎಂದೂ ಹೇಳಲಿಲ್ಲ. ಚಾಲಕರಲ್ಲಿ ಒಬ್ಬನು ಒಪ್ಪದೆ ಲಾರಿ ಓಡಿಸಲು ಹೊರಟುಹೋದ. ಮುಖ್ಯ ಕಚೇರಿಗೆ ಬೇಕಾದದ್ದನ್ನೇ ಶೊಚೋ ತಮ್ಮ ಮುದ್ರೆಯಿಂದ ಸುಲಭ ಮಾಡಿಕೊಟ್ಟರು ಎಂದು ಅವನು ಬೀದಿಯಲ್ಲಿ ಆಡಿಕೊಂಡದ್ದು ಅವರ ಕಿವಿಗೂ ಬಿತ್ತು. "ಅವನು ಹೇಳುವುದರಲ್ಲಿ ಹುರುಳಿದೆ," ಎಂದು ಅವರು ನನ್ನೆದುರು ಒಪ್ಪಿಕೊಂಡರು. "ಆ ದಾರಿ ಸರಿಯೋ ತಪ್ಪೋ ನನಗೆ ತಿಳಿಯದು, ಸೆನ್ಸೇ. ಅವರು ಹೋಗಲೇಬೇಕಾದ ಕಡೆಗೆ ಅವರನ್ನು ಒಂಟಿಯಾಗಿ ಕಳುಹಿಸಲಾರೆ ಎಂಬುದಷ್ಟೇ ತಿಳಿದಿತ್ತು."

ಏಪ್ರಿಲ್ ತಿಂಗಳು, ಚೆರ್ರಿ ಮರಗಳು ಹೂ ಬಿಟ್ಟಿದ್ದ ಕಾಲ, ಹೊಸ ಕಂಪನಿ ಹುಟ್ಟಿತು. ಡಿಪೋಗೆ ನಗರದಿಂದ ಬೇರೊಬ್ಬ ಮುಖ್ಯಸ್ಥ ಬಂದ. ನಮ್ಮವರು ಚಾಲಕರ ಟೋಪಿ ಧರಿಸಿ, ಆ ಹೊಸಬನ ಎದುರು ನೆಟ್ಟಗೆ ನಿಂತು ಹಾಜರಿ ಹೇಳತೊಡಗಿದರು. ಹುದ್ದೆ ಹೋದರೂ ಆ ಹೆಸರು ಅವರನ್ನು ಬಿಡಲಿಲ್ಲ. ಹೊಸ ಮುಖ್ಯಸ್ಥನೇ ಒಮ್ಮೆ ಬಾಯ್ತಪ್ಪಿ ಅವರನ್ನು ಶೊಚೋ ಎಂದು ಕರೆದನೆಂದು ಪ್ರಸನ್ನ ಹೇಳಿ ನಕ್ಕ. ಅದೇ ಸಮಯದಲ್ಲಿ ತಾಯ್ತಂದೆ ಕಂಪನಿಯಿಂದ ಒಂದು ಸುತ್ತೋಲೆಯೂ ಬಂದಿತ್ತು. ಎರಡೂ ಈಗ ಬೇರೆ ಬೇರೆ ಸಂಸ್ಥೆಗಳಾದ್ದರಿಂದ, ಸುರಕ್ಷತೆಯ ದೃಷ್ಟಿಯಿಂದಲೂ, ಎದುರಾದಾಗ ಕೈ ಎತ್ತಿ ವಂದಿಸುವ ಅಗತ್ಯವಿಲ್ಲವೆಂದು ಅದರಲ್ಲಿತ್ತು.

ನಮ್ಮ ನಿಲ್ದಾಣದಿಂದ ಕೆಳಗಿನ ಸೇತುವೆಯವರೆಗಿನ ರಸ್ತೆಯಲ್ಲಿ ಎರಡೂ ಕಂಪನಿಗಳ ಬಸ್ಸುಗಳು ಓಡುತ್ತಿದ್ದವು. ಮೊದಲ ಬೆಳಗ್ಗೆ ನಾನು ಶೊಚೋ ಅವರ ಬಸ್ಸಿನಲ್ಲಿಯೇ, ಅವರ ಹಿಂದಿನ ಆಸನದಲ್ಲಿ ಕುಳಿತೆ. "ಬಲಗಡೆ ಸರಿಯಿದೆ, ಎಡಗಡೆ ಸರಿಯಿದೆ," ಎಂದು ಬೆರಳು ತೋರಿಸಿ ಹೇಳಿಕೊಂಡು ಅವರು ಬಸ್ಸನ್ನು ಹೊರಡಿಸಿದರು. ಮೂಲಂಗಿ ಬುಟ್ಟಿ ಉರುಳುವಂಥದೇನೂ ಆಗಲಿಲ್ಲ. ಸೇತುವೆಯ ಬಳಿ ಎದುರಿನಿಂದ ದೊಡ್ಡ ಕಂಪನಿಯ ಬಸ್ಸು ಬಂತು. ಅದೇ ಕೆಂಪು, ಅದೇ ಕೆನೆಬಣ್ಣ. ಅದರ ಚಾಲಕ ಹಿಂದಿನ ವರ್ಷ ಇವರ ಕೈಯ ಅನ್ನದುಂಡೆ ತಿಂದು ಆಮೇಲೆ ನಗರದ ಡಿಪೋಗೆ ವರ್ಗವಾದ ತರುಣನೆಂದು ನನಗೆ ಗುರುತು ಸಿಕ್ಕಿತು. ಶೊಚೋ ಬಿಳಿಯ ಕೈಯನ್ನು ಹಣೆಯ ಮಟ್ಟಕ್ಕೆ ಎತ್ತಿದರು. ತರುಣ ನೇರವಾಗಿ ರಸ್ತೆಯನ್ನೇ ನೋಡುತ್ತ, ಎರಡೂ ಕೈಗಳಿಂದ ಚಕ್ರವನ್ನು ಬಿಗಿಯಾಗಿ ಹಿಡಿದು ಹೊರಟುಹೋದ.

ಕೆಂಪು ದೀಪದಲ್ಲಿ ನಿಂತಾಗ, ಕನ್ನಡಿಯಲ್ಲಿ ನನ್ನ ಮುಖವನ್ನು ಕಂಡಿರಬೇಕು. "ಅವನ ತಪ್ಪಲ್ಲ, ಸೆನ್ಸೇ. ಅವನಿಗೆ ಸುತ್ತೋಲೆ ಬಂದಿದೆ," ಎಂದರು.

"ತಮಗೂ ಬಂದಿತ್ತಲ್ಲ?"

"ನನ್ನ ಕನ್ನಡಕ ಹಳೆಯದಾಯಿತು."

ಮರುದಿನವೂ ಎತ್ತಿದರು, ಅದರ ಮರುದಿನವೂ. ಮಳೆಗಾಲ ಬಂದು ಹೋಯಿತು. ಉತ್ತರ ಬರಲಿ ಬಾರದಿರಲಿ, ಸಂಧ್ಯಾವಂದನೆಯ ಅರ್ಘ್ಯದಂತೆ ಆ ಕೈ ತನ್ನ ವೇಳೆಗೆ ಏಳುತ್ತಿತ್ತು. ಅರ್ಘ್ಯ ಕೊಟ್ಟವನು ಸೂರ್ಯನಿಂದ ರಸೀದಿ ಕೇಳುವುದಿಲ್ಲವಷ್ಟೆ. ಅವರನ್ನು ನೋಡಿ ಉಳಿದ ಚಾಲಕರೂ ಎತ್ತತೊಡಗಿದರು. ದೊಡ್ಡ ಕಂಪನಿಯ ಕಡೆಯಿಂದ ಮೊದಲು ಯಾರು ಉತ್ತರಿಸಿದರೋ ನಾನು ಕಾಣಲಿಲ್ಲ. ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ ಆ ತರುಣ ಮೊದಲು ತಲೆ ಬಾಗಿಸಿದ, ಆಮೇಲೆ ಚಕ್ರದ ಮೇಲಿಂದ ಬೆರಳುಗಳನ್ನಷ್ಟೇ ಎತ್ತಿದ. ಹೊಸ ವರ್ಷದ ಮೊದಲ ವಾರ ಕೈಯನ್ನೇ ಎತ್ತಿದನಂತೆ. ಓಕುಸಾನ್ ಆ ಸಂಜೆ ಕೆಂಪು ಅವರೆಯ ಅನ್ನ ಮಾಡಿ ನಮಗೂ ಕಳುಹಿಸಿದರು. ಅಲ್ಲಿ ಅದು ಮದುವೆ ಮುಂಜಿಗಳಂಥ ಶುಭದಿನಗಳ ಅಡುಗೆ. ಏನು ವಿಶೇಷವೆಂದು ರುಕ್ಮಿಣಿ ಸನ್ನೆಯಲ್ಲಿ ಕೇಳಿದರೆ, ಓಕುಸಾನ್ ಬಲಗೈಯನ್ನು ಹಣೆಯ ಮಟ್ಟಕ್ಕೆ ಎತ್ತಿ ತೋರಿಸಿ ಬಾಯಿ ಮುಚ್ಚಿಕೊಂಡು ನಕ್ಕರು.

ಆ ವಸಂತದಲ್ಲಿ ನನ್ನ ಕೆಲಸ ಮುಗಿದು ನಾವು ಹೊರಟೆವು. ಹಿಂದಿನ ಸಂಜೆ ಶೊಚೋ ಮಹಡಿಗೆ ಬಂದು ಮೊದಲ ದಿನದಂತೆಯೇ ಹೊಸ್ತಿಲಲ್ಲಿ ಮಂಡಿಯೂರಿದರು. ನಾಳೆ ತಮಗೆ ಬೆಳಗಿನ ಸರದಿ, ಬೀಳ್ಕೊಡಲು ಆಗುವುದಿಲ್ಲ, ಕ್ಷಮಿಸಬೇಕು ಎಂದರು. ರಜೆ ಹಾಕಬಹುದಾಗಿತ್ತಲ್ಲವೆ ಎಂದು ನಾವು ಯಾರೂ ಕೇಳಲಿಲ್ಲ. ನಾನು ದೇವರ ಮುಂದಿನ ತುಳಸೀಮಣಿಯ ಸರವೊಂದನ್ನು ಕೊಟ್ಟೆ. ಅವರು ಅದನ್ನು ಎರಡೂ ಕೈಗಳಿಂದ ಹಣೆಗೆ ಮುಟ್ಟಿಸಿಕೊಂಡರು. ಬೆಳಗಿನ ಘಂಟೆಯನ್ನು ಎಂದಿನ ವೇಳೆಗೇ ಬಾರಿಸಬೇಕೆಂದು ಕೇಳಿಕೊಂಡರು. ಹಾಗೆಯೇ ಬಾರಿಸಿದೆ. ಕೆಳಗೆ ಬಾಗಿಲು ಸದ್ದಿಲ್ಲದೆ ಜಾರಿರಬೇಕು. ಅವರ ಶೂಗಳ ಸದ್ದು ಮಾತ್ರ ಕೇಳಿಸಿತು.

ಟ್ಯಾಕ್ಸಿಗಾಗಿ ನಿಲ್ದಾಣದ ಬಳಿ ಪೆಟ್ಟಿಗೆಗಳೊಡನೆ ನಿಂತೆವು. ಪ್ರಸನ್ನ ಓಕುಸಾನ್ ಜೊತೆಯಲ್ಲಿ ಮಾತನಾಡುತ್ತಿದ್ದ. ಆಚೆ ಬದಿಯಲ್ಲಿ ಬೆಟ್ಟದ ಕಡೆಗೆ ಏರುವ ಬಸ್ಸು ಬಂತು. ಮುಂದಿನ ಗಾಜಿನ ಹಿಂದೆ ಆ ಗುರುತಿನ ಟೋಪಿ. ನಮ್ಮ ಎದುರಿಗೆ ಬರುತ್ತಿದ್ದಂತೆ ಬಿಳಿಯ ಕೈ ನಿಧಾನವಾಗಿ ಎದ್ದಿತು.

ಮೊದಲ ವಾರದ ಪಾಠವನ್ನು ನಾನು ಮರೆತಿರಲಿಲ್ಲ. ಕೈ ಜೋಡಿಸುವ ಮುನ್ನ ಹಿಂದಿರುಗಿ ನೋಡಿದೆ. ರುಕ್ಮಿಣಿಯೂ ನೋಡಿದಳು.

"ಎದುರಿಗೆ ಬಸ್ಸೇ ಇಲ್ಲವಲ್ಲ," ಎಂದಳು.

ರಸ್ತೆ ಬೆಟ್ಟದ ತಿರುವಿನವರೆಗೂ ಬರಿದಾಗಿತ್ತು. ನಾನು ಎರಡೂ ಕೈ ಜೋಡಿಸಿದೆ. ಈ ಸಲ ಯಾರೂ ಬಂದು ತಿದ್ದಲಿಲ್ಲ.